ದೊಡ್ಡ ಮೈದಾನವೇನೋ ಸಿಕ್ಕಿತು, ಗಟ್ಟಿ ನೆಲೆ ಸಿಕ್ಕಿತೇ?

ಫ್ರಾನ್ಸಿನ ಲಿಯಾನ್ ನಗರದ ಮಹಿಳಾ ಫುಟ್‌ಬಾಲ್ ಕ್ಲಬ್ 2025ರ ಮೇ ತಿಂಗಳಲ್ಲಿ ಹೆಸರು ಬದಲಿಸಿಕೊಂಡಿತು. ಅಲ್ಲಿಯವರೆಗೆ ಅದು ಒಲಿಂಪಿಕ್ ಲಿಯಾನ್ ಕ್ಲಬ್ಬಿನ 'ಮಹಿಳಾ ವಿಭಾಗ' ಎಂದೇ ಪರಿಚಿತವಾಗಿತ್ತು. ಈಗ ಅದು 'ಓಎಲ್ ಲಿಯೋನ್'. ಊರಿನ ಹೆಸರಿಗೂ ಹೆಣ್ಣು ಸಿಂಹ ಎಂಬ ಅರ್ಥದ ಫ್ರೆಂಚ್ ಪದಕ್ಕೂ ಗಂಟು ಹಾಕಿ ಮಾಡಿದ ಹೆಸರಿದು. ಜೊತೆಗೆ, ತರಬೇತಿ ಕೇಂದ್ರದ ಪುಟ್ಟ ಮೈದಾನದಲ್ಲಿ ಆಡುತ್ತಿದ್ದ ತಂಡ, ಸುಮಾರು 59 ಸಾವಿರ ಆಸನಗಳ ಗ್ರೂಪಾಮಾ ಕ್ರೀಡಾಂಗಣಕ್ಕೆ ತನ್ನ ತವರು ಪಂದ್ಯಗಳನ್ನು ಸ್ಥಳಾಂತರಿಸುವುದಾಗಿ ಪ್ರಕಟಿಸಿತು.

ಇದು ಬರೀ ಬೋರ್ಡು ಬದಲಿಸಿದ ಸುದ್ದಿಯಲ್ಲ ಎಂಬುದು ನನ್ನ ಅನಿಸಿಕೆ. ಹೆಣ್ಣುಮಕ್ಕಳ ಕ್ರೀಡೆ ಪುರುಷರ ತಂಡದ ಬಾಲಂಗೋಚಿಯಾಗಿಯೇ ಉಳಿಯಬೇಕೇ, ಸ್ವಂತ ಕಾಲ ಮೇಲೆ ನಿಲ್ಲಬಲ್ಲದೇ ಎಂಬ ಪ್ರಶ್ನೆ ಇದರ ಹಿಂದಿದೆ.

ಫ್ರಾನ್ಸ್ ಎಂದರೆ ಸಮಾನತೆಯ ನಾಡು ಎಂದುಕೊಳ್ಳುತ್ತೇವೆ. ಆದರೆ 1941ರಲ್ಲಿ ಅಲ್ಲಿನ ವಿಶಿ ಸರ್ಕಾರ ಮಹಿಳೆಯರ ಫುಟ್‌ಬಾಲನ್ನೇ ನಿಷೇಧಿಸಿತ್ತು. ಫ್ರೆಂಚ್ ಫುಟ್‌ಬಾಲ್ ಫೆಡರೇಷನ್ ಅದಕ್ಕೆ ಅಧಿಕೃತ ಮಾನ್ಯತೆ ಕೊಟ್ಟಿದ್ದು 1970ರಲ್ಲಿ. ಅದೇ ವರ್ಷ ಎಫ್‌ಸಿ ಲಿಯಾನ್ ಎಂಬ ಕ್ಲಬ್ಬಿನಲ್ಲಿ ಮಹಿಳಾ ತಂಡ ಹುಟ್ಟಿತು. 2004ರಲ್ಲಿ ಆ ತಂಡವನ್ನು ಒಲಿಂಪಿಕ್ ಲಿಯಾನ್ ತನ್ನೊಳಗೆ ಸೇರಿಸಿಕೊಂಡಿತು.

ಆಗಿನ ಅಧ್ಯಕ್ಷ ಜಾನ್-ಮಿಷೆಲ್ ಓಲಾಸ್, ಬೇರೆ ಮಾಲೀಕರು ಮಹಿಳಾ ತಂಡವನ್ನು ದಂಡದ ಖರ್ಚು ಎಂದು ನೋಡುತ್ತಿದ್ದ ಕಾಲದಲ್ಲಿ ಅದರ ಮೇಲೆ ಹಣ ಹೂಡಿದರು. ಒಳ್ಳೆಯ ತರಬೇತಿ, ನಿಯಮಿತ ಸಂಬಳ, ವೈದ್ಯಕೀಯ ನೆರವು ಸಿಗುತ್ತದೆಂದರೆ ಪ್ರತಿಭೆಗಳು ತಾವಾಗಿಯೇ ಬರುತ್ತಾರೆ. ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನ ವೆಂಡಿ ರೆನಾರ್ ರಾಷ್ಟ್ರೀಯ ತರಬೇತಿ ಕೇಂದ್ರದ ಆಯ್ಕೆಯಲ್ಲಿ ಸೋತು, 2006ರಲ್ಲಿ, 16ನೇ ವಯಸ್ಸಿಗೆ ಲಿಯಾನ್ ಸೇರಿದರು. ಮುಂದೆ ಕ್ಲಬ್ಬಿಗೂ ದೇಶಕ್ಕೂ ನಾಯಕಿಯಾದರು. ನಾರ್ವೆಯ ಅಡಾ ಹೆಗೆರ್‌ಬರ್ಗ್ 2018ರಲ್ಲಿ ಮಹಿಳೆಯರ ಮೊಟ್ಟಮೊದಲ ಬ್ಯಾಲನ್ ಡಿ'ಓರ್ ಪ್ರಶಸ್ತಿ ಪಡೆದದ್ದು ಇದೇ ಕ್ಲಬ್ಬಿನ ಆಟಗಾರ್ತಿಯಾಗಿ.

ಫಲಿತಾಂಶವೂ ಹಾಗೆಯೇ ಬಂತು. 2007ರಿಂದ 2020ರವರೆಗೆ ಸತತ 14 ಬಾರಿ ಫ್ರೆಂಚ್ ಲೀಗ್ ಪ್ರಶಸ್ತಿ. 2011ರಿಂದ 2022ರ ನಡುವೆ ಎಂಟು ಬಾರಿ ಯುರೋಪಿನ ಚಾಂಪಿಯನ್ಸ್ ಲೀಗ್. ಅದರಲ್ಲಿ 2016ರಿಂದ 2020ರವರೆಗೆ ಬಿಡುವಿಲ್ಲದೆ ಐದು ಬಾರಿ!

ಆದರೆ ಗೆಲುವಿನ ಪಟ್ಟಿಯಷ್ಟನ್ನೇ ನೋಡಿ ಚಪ್ಪಾಳೆ ತಟ್ಟಿದರೆ ಅರ್ಧ ಕತೆ ಮಾತ್ರ ತಿಳಿದಂತೆ. ಒಂದೇ ತಂಡ 14 ವರ್ಷ ಗೆಲ್ಲುತ್ತದೆಂದರೆ ಉಳಿದ ತಂಡಗಳು ಎಷ್ಟು ಬಡವಾಗಿದ್ದವು ಎಂಬುದೂ ಅದರಲ್ಲಿ ಕಾಣುತ್ತದೆ. ಫ್ರಾನ್ಸಿನ ಮಹಿಳಾ ಲೀಗ್ ವೃತ್ತಿಪರ ರೂಪ ಪಡೆದದ್ದು 2024ರಲ್ಲಷ್ಟೇ. ಅಷ್ಟರಲ್ಲಿ ಹೊರಗಿನವರು ಬೆಳೆದುಬಿಟ್ಟಿದ್ದರು. 2019ರ ಫೈನಲ್‌ನಲ್ಲಿ ಲಿಯಾನ್ ಎದುರು 4–1ರಿಂದ ಸೋತಿದ್ದ ಬಾರ್ಸಿಲೋನಾ, 2024ರ ಫೈನಲ್‌ನಲ್ಲಿ 2–0ಯಿಂದ ಲಿಯಾನನ್ನೇ ಮಣಿಸಿತು. ಮರುವರ್ಷ ಸೆಮಿಫೈನಲ್‌ನಲ್ಲಿ ಆರ್ಸೆನಲ್ ಹೊರದಬ್ಬಿತು.

ಉದ್ಯೋಗ ಹುಡುಕುವ ನಮ್ಮಂಥವರು ಗಮನಿಸಬೇಕಾದ ಪ್ರಕರಣ ಇನ್ನೊಂದಿದೆ. ಐಸ್‌ಲ್ಯಾಂಡಿನ ಸಾರಾ ಬ್ಯೋರ್ಕ್ ಗುನ್ನಾರ್ಸ್‌ಡೋಟಿರ್ 2020ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಲಿಯಾನ್ ಪರ ಗೋಲು ಹೊಡೆದವರು. ಮರುವರ್ಷ ಗರ್ಭಿಣಿಯಾದಾಗ ಅವರಿಗೆ ಪೂರ್ಣ ಸಂಬಳ ಬರಲಿಲ್ಲ. ಅವರು ಫಿಫಾ ನ್ಯಾಯಮಂಡಳಿಗೆ ಹೋಗಿ ಗೆದ್ದರು; ಸುಮಾರು 82 ಸಾವಿರ ಯೂರೊ ಬಾಕಿ ಕೊಡುವಂತೆ ಕ್ಲಬ್ಬಿಗೆ ಆದೇಶವಾಯಿತು. ಜಗತ್ತಿನ ಅತ್ಯುತ್ತಮ ಮಹಿಳಾ ಕ್ಲಬ್ಬಿನಲ್ಲೇ ಹೀಗಾದರೆ ಉಳಿದೆಡೆಯ ಗತಿಯೇನು? ಮಾಲೀಕರ ಒಳ್ಳೆಯತನ ಎಷ್ಟೇ ಇದ್ದರೂ ಕೊನೆಗೆ ಕೈಹಿಡಿಯುವುದು ಬರೆದಿಟ್ಟ ನಿಯಮ ಮತ್ತು ಅದನ್ನು ಕೇಳಿ ಪಡೆಯುವ ಧೈರ್ಯ.

ಓಲಾಸ್ 2023ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟರು. ದಕ್ಷಿಣ ಕೊರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಉದ್ಯಮಿಯಾದ ಮಿಷೆಲ್ ಕಾಂಗ್ ಮಹಿಳಾ ಕ್ಲಬ್ಬಿನ ಬಹುಪಾಲು ಷೇರು ಪಡೆದು ಅದನ್ನು ಬೇರೆ ಸಂಸ್ಥೆಯಾಗಿಸಿದರು. ಈ ನಿರ್ಧಾರದ ಬೆಲೆ ಬೇಗನೆ ಗೊತ್ತಾಯಿತು. 2025ರ ಜೂನ್‌ನಲ್ಲಿ ಹಣಕಾಸಿನ ಸಂಕಟದಿಂದ ಪುರುಷರ ತಂಡವನ್ನು ಎರಡನೇ ದರ್ಜೆಗೆ ಇಳಿಸುವ ಆದೇಶ ಬಂತು. ಮಹಿಳಾ ತಂಡ ಆಗಲೇ ಪ್ರತ್ಯೇಕವಾಗಿತ್ತು. ಅಷ್ಟೇ ಅಲ್ಲ, ಪುರುಷರ ಕ್ಲಬ್ಬಿನ ಅಧ್ಯಕ್ಷ ಸ್ಥಾನವನ್ನೂ ಕಾಂಗ್ ಅವರಿಗೇ ವಹಿಸಲಾಯಿತು. ಜುಲೈನಲ್ಲಿ ಮೇಲ್ಮನವಿಯಲ್ಲಿ ಆ ಆದೇಶ ರದ್ದಾಯಿತು. 'ಬಾಲಂಗೋಚಿ'ಯ ಒಡತಿಯೇ ದೊಡ್ಡಮನೆಯನ್ನು ಸಂಭಾಳಿಸುವಂತಾಯಿತು!

ಹಾಗೆಂದು ಪ್ರತ್ಯೇಕವಾಗುವುದೇ ಮದ್ದು ಎನ್ನಲಾಗದು. ಸ್ವಾಯೊ ಎಂಬ ಸಣ್ಣ ಪಟ್ಟಣದ ಮಹಿಳಾ ಕ್ಲಬ್ ಯಾವ ಪುರುಷರ ತಂಡದ ಆಸರೆಯೂ ಇಲ್ಲದೆ 1984ರಲ್ಲಿ ಫ್ರೆಂಚ್ ಚಾಂಪಿಯನ್ ಆಗಿತ್ತು. 2023ರಲ್ಲಿ ಹಣವಿಲ್ಲದೆ ಕುಸಿಯಿತು. ಸ್ವಾಯೊಗೆ ಸ್ವಾತಂತ್ರ್ಯವಿತ್ತು, ಬಂಡವಾಳವಿರಲಿಲ್ಲ. ಲಿಯಾನ್‌ಗೆ ಎರಡೂ ಇವೆ, ಆದರೆ ಎರಡೂ ನಿಂತಿರುವುದು ಒಬ್ಬರ ಆಸಕ್ತಿಯ ಮೇಲೆ. ನಾಳೆ ಆ ಆಸಕ್ತಿ ಬತ್ತಿದರೆ?

ಹಾಗಾಗಿ ನಾನು ಎದುರು ನೋಡುತ್ತಿರುವುದು ಒಂಬತ್ತನೇ ಕಪ್ಪನ್ನಲ್ಲ. ಆ 59 ಸಾವಿರ ಆಸನಗಳಲ್ಲಿ ಎಷ್ಟು ಮಂದಿ ಸಾಮಾನ್ಯ ದಿನದ ಲೀಗ್ ಪಂದ್ಯಕ್ಕೂ ಟಿಕೆಟ್ ಕೊಂಡು ಕೂರುತ್ತಾರೆ, ಎದುರಾಳಿ ತಂಡಗಳು ಎಷ್ಟು ಗಟ್ಟಿಯಾಗುತ್ತವೆ ಎಂಬುದನ್ನು ನೋಡಬೇಕು. ದೊಡ್ಡ ಮನಸ್ಸಿನ ಮಾಲೀಕರು ಒಂದು ತಂಡವನ್ನು ಕಟ್ಟಬಲ್ಲರು. ಅದನ್ನು ಉಳಿಸಬೇಕಾದವರು ಪ್ರೇಕ್ಷಕರು.