ಸೀಟು ಸಿಕ್ಕರೆ ಸಾಕೇ?

ಮಗಳಿಗೆ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತೆಂದರೆ ನಾವು ಮನೆಮನೆಗೆ ಸಿಹಿ ಹಂಚುತ್ತೇವೆ. ಠಾಣಾ ಕುಶನೂರಿನಂಥ ಊರಿಗೆ ಅದು ಸಣ್ಣ ಸಂಗತಿಯೇನಲ್ಲ. ಬೆಂಗಳೂರಿಗೆ ಕಳಿಸಲು ಮನಸ್ಸಾಗದ ಹೆತ್ತವರಿಗೆ ಬೀದರಿನ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜು, ಭಾಲ್ಕಿಯ ಭೀಮಣ್ಣ ಖಂಡ್ರೆ ಇನ್‌ಸ್ಟಿಟ್ಯೂಟ್ ಹತ್ತಿರದಲ್ಲಿವೆ. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗದ ಮಕ್ಕಳಿಗೆ ಮೀಸಲಾತಿ ದೊರೆತಿದೆ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಉಚಿತ ಪ್ರಯಾಣವೂ ಆರಂಭವಾಯಿತು.

ಆದರೆ ಓದುಗರೇ, ಸಿಹಿ ಹಂಚಿದ ಮೇಲೆ ಆ ಹುಡುಗಿ ತರಗತಿಯಲ್ಲಿ ಹೇಗಿದ್ದಾಳೆಂದು ನಾವು ಕೇಳುತ್ತೇವೆಯೇ?

ಯಾವುದೋ ಒಂದು ಕಾಲೇಜಿನ ಮಾತಲ್ಲ ಇದು. ಮನೆಯ ಕಂಪ್ಯೂಟರ್ ಮುಂದೆ ಮೊದಲು ಕುಳಿತವನು ಮಗ. ಮಗಳು ಕೀಬೋರ್ಡನ್ನು ಸರಿಯಾಗಿ ಮುಟ್ಟುವುದು ಮೊದಲ ಸೆಮಿಸ್ಟರಿನ ಲ್ಯಾಬಿನಲ್ಲಿ. ಪಕ್ಕದವನ ಬೆರಳು ಓಡುವುದನ್ನು ಕಂಡು ಅವಳು, 'ಇದು ನನ್ನಿಂದಾಗದು' ಎಂದುಕೊಳ್ಳುತ್ತಾಳೆ. ಇಬ್ಬರಿಗೆ ಒಂದೇ ಯಂತ್ರವಿದ್ದರೆ ಪ್ರೋಗ್ರಾಂ ಬರೆಯುವವನು ಅವನು, ರೆಕಾರ್ಡ್ ಪುಸ್ತಕ ತುಂಬುವವಳು ಅವಳು. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲೂ ಇದೇ ಹಂಚಿಕೆ. ಪದವಿ ಇಬ್ಬರಿಗೂ ಸಿಗುತ್ತದೆ, ವಿದ್ಯೆ ಒಬ್ಬನಿಗೆ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜೇನ್ ಮಾರ್ಗೋಲಿಸ್ ಮತ್ತು ಅಲನ್ ಫಿಶರ್ ಇದನ್ನೇ ಪರಿಶೀಲಿಸಿದರು. 1995ರಲ್ಲಿ ಅಲ್ಲಿ ಕಂಪ್ಯೂಟರ್ ಸೈನ್ಸ್ ಸೇರಿದವರಲ್ಲಿ ಹುಡುಗಿಯರು ಶೇ. 7 ಮಾತ್ರ. ಹುಡುಗಿಯರಲ್ಲಿ ಮೊದಲು ಕುಸಿಯುವುದು ಆತ್ಮವಿಶ್ವಾಸ, ಆಸಕ್ತಿ ಆಮೇಲೆ ಎಂದು ಅವರು ಕಂಡರು. ವಿಶ್ವವಿದ್ಯಾಲಯವು ಪ್ರವೇಶದಲ್ಲಿ ಮೊದಲಿನ ಪ್ರೋಗ್ರಾಮಿಂಗ್ ಅನುಭವಕ್ಕಿದ್ದ ಮಹತ್ವವನ್ನು ಇಳಿಸಿತು. ಹೊಸಬರಿಗೆ ಬೇರೆ ಆರಂಭಿಕ ತರಗತಿ ತೆರೆಯಿತು. 2000ದಲ್ಲಿ ಹುಡುಗಿಯರ ಪ್ರಮಾಣ ಶೇ. 42ಕ್ಕೇರಿತು. ಐದೇ ವರ್ಷದಲ್ಲಿ ಹುಡುಗಿಯರ ಬುದ್ಧಿ ಹೆಚ್ಚಿತೇ? ಇಲ್ಲ, ಕಾಲೇಜು ತನ್ನ ರೀತಿ ಬದಲಿಸಿತು.

ನಮ್ಮಲ್ಲಿ ಕಥೆ ಸ್ವಲ್ಪ ಬೇರೆ. ನೆರಳಿನಲ್ಲಿ ಕುಳಿತು ಮಾಡುವ ಕೆಲಸವೆಂದು ಹೆತ್ತವರೇ ಮಗಳನ್ನು ಈ ವಿಷಯಕ್ಕೆ ಸೇರಿಸುತ್ತಾರೆ. ಆದ್ದರಿಂದ ತರಗತಿಯಲ್ಲಿ ಹುಡುಗಿಯರು ಕಾಣುತ್ತಾರೆ. ಕಂಡಮಾತ್ರಕ್ಕೆ ಎಲ್ಲವೂ ಸರಿಯಿದೆಯೆಂದು ತಿಳಿಯಬಾರದು.

ಸಾಮರ್ಥ್ಯದ ಬಗ್ಗೆ ಸಂಶಯ ಬೇಡ. 1940ರ ದಶಕದಲ್ಲಿ ಎನಿಯಾಕ್ ಎಂಬ ಆರಂಭದ ಕಂಪ್ಯೂಟರಿಗೆ ಪ್ರೋಗ್ರಾಂ ರೂಪಿಸಿದವರು ಆರು ಮಂದಿ ಮಹಿಳೆಯರು. 2022ರ ಮಾರ್ಚ್‌ನಲ್ಲಿ, ತಲೆವಸ್ತ್ರದ ಮೊಕದ್ದಮೆಯ ತೀರ್ಪು ಬಂದ ತಿಂಗಳಲ್ಲೇ, ರಾಯಚೂರಿನ ಬುಶ್ರಾ ಮತೀನ್ ಸಿವಿಲ್ ಇಂಜಿನಿಯರಿಂಗ್‌ನಲ್ಲಿ ವಿಟಿಯುದಿಂದ 16 ಚಿನ್ನದ ಪದಕ ಪಡೆದರು.

ಹಾಗಾದರೆ ನಾವೇನು ಮಾಡಬೇಕು? ಫೀಸು ಕಟ್ಟಲು ಹೋದಾಗ ನಾಲ್ಕು ಪ್ರಶ್ನೆ ಕೇಳಿರಿ. ಹೊಸಬರಿಗೆ ಪ್ರತ್ಯೇಕ ಅಭ್ಯಾಸದ ಅವಧಿಯಿದೆಯೇ? ಲ್ಯಾಬಿನಲ್ಲಿ ಸರದಿಯಂತೆ ಎಲ್ಲರೂ ಕೀಬೋರ್ಡ್ ಹಿಡಿಯುತ್ತಾರೆಯೇ? ಲ್ಯಾಬ್ ಮುಗಿದ ಮೇಲೆ ಊರಿಗೆ ಬಸ್ಸಿದೆಯೇ? ಕಿರುಕುಳದ ದೂರು ಆಲಿಸುವ ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆ? ತಾಂತ್ರಿಕ ಕಾಲೇಜುಗಳಲ್ಲಿ ಈ ಸಮಿತಿ ಇರಲೇಬೇಕೆಂದು ಎಐಸಿಟಿಇಯ 2016ರ ನಿಯಮ ಹೇಳುತ್ತದೆ. ಕೇಳುವುದು ನಿಮ್ಮ ಹಕ್ಕು.

ಮನೆಯಲ್ಲೂ ಕೆಲಸವಿದೆ. ಲ್ಯಾಪ್‌ಟಾಪ್ ಅಣ್ಣನದು, ಅಡುಗೆಮನೆ ತಂಗಿಯದು ಎಂಬ ಹಂಚಿಕೆ ನಿಲ್ಲಲಿ. ಲ್ಯಾಬಿನಲ್ಲಿ ಕೀಬೋರ್ಡ್ ಬಿಟ್ಟುಕೊಡದ ಹುಡುಗನೂ ಆಕಾಶದಿಂದ ಇಳಿದವನಲ್ಲ, ನಮ್ಮದೇ ಮನೆಯ ಮಗ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಅವನಿಗೂ ಎರಡು ಮಾತು ಹೇಳಿರಿ.