ಬೇತೂರಿಗೆ ಯಾವ ಹೀರೋನೂ ಬರಲ್ಲ

ಮರಳಲ್ಲಿ ಹೂತುಹೋದ ನಗರ. ಅರ್ಧ ಸುಟ್ಟ ನಕ್ಷೆ. ಹತ್ತು ವರ್ಷದ ಹಿಂದೆ ಅಲ್ಲಿಂದ ಜೀವ ಉಳಿಸ್ಕೊಂಡು ಓಡಿಬಂದ ಪುರಾತತ್ವಜ್ಞ ಈಗ ಮತ್ತೆ ಅಲ್ಲಿಗೇ ಹೊರಟಿದ್ದಾನೆ. ಜೊತೆಗೆ ಹಳೇ ಲಿಪಿ ಓದಬಲ್ಲ ಒಬ್ಬಳು ಹುಡುಗಿ, ಬೆನ್ನಹಿಂದೆ ಕೋಟು ಹಾಕಿದ ಒಬ್ಬ ಖಳ. ಈ ಕಥೆಯನ್ನ ಸಿನಿಮಾದಲ್ಲಿ, ಸೀರೀಸ್‌ನಲ್ಲಿ, ಏರ್‌ಪೋರ್ಟಿನಲ್ಲಿ ಕೊಂಡ ದಪ್ಪ ಪುಸ್ತಕದಲ್ಲಿ ನಾವು ಎಷ್ಟು ಸಲ ನುಂಗಿದ್ದೀವೋ ಲೆಕ್ಕ ಇಟ್ಟವರಿಲ್ಲ. ಶುಕ್ರವಾರ ರಾತ್ರಿ ಆಫೀಸಿನ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಇಂಥದ್ದೇ ಬೇಕು ಅನ್ಸುತ್ತೆ, ನನಗೂ.

ಕಥೆ ಸುಳ್ಳು ಅನ್ನೋದು ನನ್ನ ತಕರಾರಲ್ಲ. ಸುಳ್ಳು ಅಂತ ಎಲ್ಲರಿಗೂ ಗೊತ್ತು. ಈ ಕಥೆ ನಮ್ಮ ಕಣ್ಣು ಕೆಡಿಸಿದೆ ಅನ್ನೋದು ತಕರಾರು. ಹಳೇ ಊರು ಅಂದ್ರೆ ದೂರ ಇರಬೇಕು, ಮರುಭೂಮಿಯಲ್ಲಿರಬೇಕು, ಒಳಗೆ ಬಂಗಾರ ಇರಬೇಕು, ಅದನ್ನ ಹುಡುಕೋಕೆ ಹ್ಯಾಟ್ ಹಾಕಿದ ಒಬ್ಬ ಗಂಡಸು ಬೇಕು. ಈ ನಾಲ್ಕೂ ಇಲ್ಲದ ಹಳೇ ಊರು ನಮಗೆ ಹಳೇ ಊರೇ ಅಲ್ಲ. ಅದು ಬರೀ ಸೈಟು. ಪುರಾತತ್ವದವರೂ ಅದನ್ನ ಸೈಟು ಅಂತಲೇ ಕರೀತಾರೆ, ರಿಯಲ್ ಎಸ್ಟೇಟಿನವರೂ ಸೈಟು ಅಂತಲೇ ಕರೀತಾರೆ. ಯಾರು ಮೊದಲು ತಲುಪುತ್ತಾರೆ ಅಂತ ಹೇಳಬೇಕಾಗಿಲ್ಲ.

ದಾವಣಗೆರೆಯ ವಿಷಯಕ್ಕೇ ಬರ್ತೀನಿ. ಬೇತೂರು ರಸ್ತೆ ಎಲ್ಲರಿಗೂ ಗೊತ್ತು. ಬೇತೂರು ಅಂದ್ರೆ ಏನು ಅಂತ ಕೇಳಿದ್ರೆ, ಆ ರಸ್ತೆ ಮುಗಿಯೋ ಕಡೆ ಇರೋ ಹಳ್ಳಿ ಅಂತೀವಿ. ಹಳೇ ಮೈಸೂರು ಗೆಜೆಟಿಯರ್ ತೆಗೆದು ನೋಡಿ, ಅಲ್ಲಿ ಕಥೆ ತಿರುಗುಮುರುಗು. ಬೇತೂರು ದೊಡ್ಡ ಊರು, ದಾವಣಗೆರೆ ಅದರ ಹೊರವಲಯದ ಒಂದು ಹಳ್ಳಿ. ದೇವಗಿರಿಯ ಸೇವುಣರು ಈ ಸೀಮೆಯನ್ನ ಆಳಿದಾಗ ಬೇತೂರು ಅಧಿಕಾರದ ಊರಾಗಿತ್ತು. ದಾವಣಗೆರೆಗೆ ದೆಸೆ ತಿರುಗಿದ್ದು ಬಹಳ ತಡವಾಗಿ, ಹೈದರ್ ಅಲಿ ಇದನ್ನ ಅಪೋಜಿ ರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟು, ವ್ಯಾಪಾರಸ್ಥರು ಬಂದು ನೆಲೆಸಿದ ಮೇಲೆ. ಬೆಣ್ಣೆ ದೋಸೆ, ಹತ್ತಿ ಗಿರಣಿ, ಮೆಡಿಕಲ್ ಕಾಲೇಜು, 2016ರ ಸ್ಮಾರ್ಟ್ ಸಿಟಿ ಮೊದಲ ಪಟ್ಟಿಯಲ್ಲಿ ಹೆಸರು, ಇದೆಲ್ಲ ಆಮೇಲಿನ ಮಾತು. ಅಂದ್ರೆ ನಾವು ಓಟಿಟಿಯಲ್ಲಿ ಹುಡುಕ್ತಿರೋ ಕಳೆದುಹೋದ ನಗರ ನಮ್ಮೂರಿನ ಆಟೋ ಹೋಗುವಷ್ಟು ದೂರದಲ್ಲಿದೆ. ಮೀಟರ್ ಹಾಕಲ್ಲ ಅನ್ನೋದೊಂದೇ ಅಲ್ಲಿರೋ ಅಪಾಯ.

ಬೇತೂರಿನ ಕಡೆ, ಆನೆಕೊಂಡದ ಕಡೆ ಊರು ಬೆಳೀತಾ ಇದೆ. ಬೆಳೀಲಿ, ಬೇಡ ಅನ್ನೋಕೆ ನಾನ್ಯಾರು? ಮನೆ ಎಲ್ಲರಿಗೂ ಬೇಕು. ಆದರೆ ಹೊಲ ಎನ್‌ಎ ಆಗಿ, ಜೆಸಿಬಿ ಬಂದು, ಚರಂಡಿಗೆ ಅಂತ ಆರಡಿ ಅಗೆದಾಗ ಆ ಮಣ್ಣಲ್ಲಿ ಏನು ಬಂತು ಅಂತ ನೋಡೋ ಒಬ್ಬ ಮನುಷ್ಯನಾದ್ರೂ ಅಲ್ಲಿ ನಿಂತಿರ್ತಾನಾ? ಸಾಯಿಲ್ ಟೆಸ್ಟ್ ಮಾಡಿಸ್ತೀವಿ, ವಾಸ್ತು ನೋಡಿಸ್ತೀವಿ, ಬೋರ್‌ವೆಲ್‌ಗೆ ತೆಂಗಿನಕಾಯಿ ಹಿಡಿದು ನೀರು ಹುಡುಕಿಸ್ತೀವಿ. ಏಳೆಂಟುನೂರು ವರ್ಷ ಜನ ಬದುಕಿದ ನೆಲ ಇದು, ಒಂದು ವಾರ ಯಾರಾದ್ರೂ ನಡೆದು ನೋಡಲಿ ಅಂತ ಮಾತ್ರ ಯಾರಿಗೂ ಹೊಳೆಯಲ್ಲ. ಗುಡಿ ಇದ್ರೆ ಗುಡಿಗೆ ಬೇಲಿ ಹಾಕ್ತಾರೆ, ನೀಲಿ ಬೋರ್ಡು ನೆಡ್ತಾರೆ. ಗುಡಿ ಸುತ್ತ ಬದುಕಿದ ಊರಿಗೆ, ಕುಂಬಾರನ ಆವಿಗೆಗೆ, ಸಂತೆ ಬೀದಿಗೆ, ಹಗೇವಿಗೆ ಬೇಲಿ ಇಲ್ಲ.

ಹರಿಹರ ನೋಡಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ಗುಡಿ ಕೇಂದ್ರ ಪುರಾತತ್ವ ಇಲಾಖೆಯ ಕೈಯಲ್ಲಿದೆ. ಅಂಗಳದಲ್ಲಿ ಆಳೆತ್ತರದ ಶಾಸನಗಳು ನಿಂತಿವೆ. 1268ರಲ್ಲಿ ಸೋಮ ದಂಡನಾಯಕ, ಅದೇ ಸೋಮನಾಥಪುರ ಕಟ್ಟಿಸಿದವನು, ಇಲ್ಲಿಗೂ ಬಂದು ಹೆಬ್ಬಾಗಿಲು ಕಟ್ಟಿಸಿದ. ಅಲ್ಲಿ ನಿಂತು ಸೆಲ್ಫಿ ತೆಗೆಯುವವರಿಗೆ ಆ ಕಲ್ಲುಗಳು ಹಿನ್ನೆಲೆ, ಒರಗಿಕೊಳ್ಳೋಕೆ ತಂಪಾಗಿರುತ್ತೆ. ಅವು ಆ ಕಾಲದ ನೋಂದಣಿ ಕಚೇರಿ ಕಣ್ರೀ. ಯಾರು ಎಷ್ಟು ನೆಲ ಕೊಟ್ಟರು, ಗಡಿ ಎಲ್ಲಿ, ತೆರಿಗೆ ಎಷ್ಟು, ತಪ್ಪಿದರೆ ಏನು ಗತಿ, ಎಲ್ಲ ಬರೆದಿದೆ. ಶಾಸನಗಳಲ್ಲಿ ಈ ಊರಿನ ಹೆಸರು ಕೂಡಲೂರು. ಹರಿದ್ರಾ ಹಳ್ಳ ತುಂಗಭದ್ರೆಗೆ ಕೂಡುವ ಜಾಗ, ಅದಕ್ಕೆ ಕೂಡಲೂರು. ಹರಿಹರದಲ್ಲೇ ಹುಟ್ಟಿ ಬೆಳೆದು ಈಗ ವೈಟ್‌ಫೀಲ್ಡಿನಲ್ಲಿ ಇರೋ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ಟ್ರಾಯ್ ಎಲ್ಲಿದೆ ಅಂತ ಮಾತ್ರ ಸರಿಯಾಗಿ ಹೇಳ್ತಾರೆ.

ಗುಡಿ ಸುತ್ತ 100 ಮೀಟರ್ ಕಟ್ಟೋ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು ಅಂತ 2010ರ ತಿದ್ದುಪಡಿ ಹೇಳುತ್ತೆ. ಅಲ್ಲೇ ಮನೆ ಇರೋರು ಮೇಲೊಂದು ರೂಮು ಹಾಕಿಸೋಕೂ ಪರದಾಡ್ತಾರೆ, ಅದು ನಿಜವಾದ ಸಂಕಟ, ಅವರನ್ನ ಬೈಯೋದು ತಪ್ಪು. ನನ್ನ ಪ್ರಶ್ನೆ ಬೇರೆ. ಹೆಸರಾದ ಗುಡಿಗೆ ಮುನ್ನೂರು ಮೀಟರ್ ಕಾನೂನು, ಹೆಸರಾಗದ ಊರಿಗೆ ಮೂರು ಅಡಿಯೂ ಇಲ್ಲ. ಇದ್ಯಾವ ನ್ಯಾಯ?

ಈಗ ಆ ಮರುಭೂಮಿಯ ಕಥೆಗೆ ಬರೋಣ. 1981ರಲ್ಲಿ ಬಂದ ಇಂಡಿಯಾನಾ ಜೋನ್ಸ್ ಮೊದಲ ಚಿತ್ರದಲ್ಲಿ ಈಜಿಪ್ಟಿನ ತಾನಿಸ್ ನಗರ ಮರಳಿನ ಬಿರುಗಾಳಿಗೆ ಸಿಕ್ಕು ಮುಚ್ಚಿಹೋಗಿರುತ್ತೆ, ಯಾರಿಗೂ ಜಾಗ ಗೊತ್ತಿರಲ್ಲ. ನಿಜದ ತಾನಿಸ್ ನೈಲ್ ನದಿಯ ಮುಖಜಭೂಮಿಯಲ್ಲಿದೆ. ಅದು ಕಳೆದುಹೋಗಿರಲೇ ಇಲ್ಲ. 1884ರಲ್ಲಿ ಫ್ಲಿಂಡರ್ಸ್ ಪೆಟ್ರಿ ಅಲ್ಲಿ ಅಗೆದಿದ್ದ. 1929ರಿಂದ ಪಿಯೆರ್ ಮೊಂತೆ ಎಂಬ ಫ್ರೆಂಚ್ ವಿದ್ವಾಂಸ ವರ್ಷ ವರ್ಷ ಮತ್ತೆ ಮತ್ತೆ ಅಲ್ಲಿಗೇ ಹೋಗಿ ಅಗೆದ. ಹತ್ತು ವರ್ಷ ಕಳೆದ ಮೇಲೆ ರಾಜರ ಗೋರಿಗಳು ಸಿಕ್ಕವು, ಬೆಳ್ಳಿಯ ಶವಪೆಟ್ಟಿಗೆ, ಬಂಗಾರದ ಮುಖವಾಡ ಎಲ್ಲ. ಆದರೆ ಆಗ ಎರಡನೇ ಮಹಾಯುದ್ಧ ಶುರುವಾಗಿತ್ತು, ಜಗತ್ತು ತಿರುಗಿ ನೋಡಲಿಲ್ಲ. ನಿಜದಲ್ಲಿ 'ಮರಳಿ ಹೋಗುವುದು' ಅಂದ್ರೆ ಇದು. ಅದೇ ಗುಂಡಿ, ಅದೇ ಬಿಸಿಲು, ಮತ್ತೊಂದು ವರ್ಷ.

ನಮಗೂ ಒಂದು ಮರುಭೂಮಿ ನಗರ ಇದೆ. ಚಿತ್ರದುರ್ಗ ದಾಟಿ, ಚಳ್ಳಕೆರೆ ದಾಟಿ, ಬಳ್ಳಾರಿ ದಾರಿ ಹಿಡಿದು ಮೊಳಕಾಲ್ಮೂರು ತಾಲ್ಲೂಕಿಗೆ ಹೋಗಿ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳೋ ಸೀಮೆಗಳಲ್ಲಿ ಅದೊಂದು. ಬ್ರಹ್ಮಗಿರಿ ಬೆಟ್ಟದ ಬುಡದ ಬಂಡೆಯ ಮೇಲೆ ಅಶೋಕನ ಶಾಸನ ಇದೆ ಅಂತ 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಆದೇಶ ಅದು. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ರೀಜನಲ್ ಆಫೀಸಿನಿಂದ ಬ್ರಾಂಚ್ ಆಫೀಸಿಗೆ ಬಂದ ಸರ್ಕ್ಯುಲರ್. ತಂದೆ ತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ನಿಜ ಹೇಳಿ, ಗುರುವಿಗೆ ಗೌರವ ಕೊಡಿ. ಕೊನೆಗೆ ಚಪಡ ಎಂಬ ಲಿಪಿಕಾರನ ಸಹಿ. ಅವನು ತಾನು ಲಿಪಿಕಾರ ಅನ್ನೋ ಮಾತನ್ನ ಮಾತ್ರ ವಾಯವ್ಯ ದಿಕ್ಕಿನ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಈಗಿನ ಪಾಕಿಸ್ತಾನದ ಕಡೆಯ ಆ ಲಿಪಿ ಮೊಳಕಾಲ್ಮೂರಿನ ಬಂಡೆ ಮೇಲೆ ಏನು ಮಾಡ್ತಿದೆ? ಅಷ್ಟು ದೂರದಿಂದ ಕೆಲಸದ ಮೇಲೆ ವರ್ಗವಾಗಿ ಬಂದ ಒಬ್ಬ ಗುಮಾಸ್ತ, ಊರು ನೆನಪಾಗಿ, ತನ್ನ ಲಿಪಿಯಲ್ಲಿ ಒಂದು ಪದ ಬರೆದನಾ? ಅಥವಾ ತನಗೆ ಎರಡು ಲಿಪಿ ಬರುತ್ತೆ ಅಂತ ತೋರಿಸ್ಕೊಂಡನಾ? ಹೊರರಾಜ್ಯಕ್ಕೆ ಪೋಸ್ಟಿಂಗ್ ಆದ ಯಾರನ್ನಾದ್ರೂ ಕೇಳಿ. ಇದಕ್ಕಿಂತ ದೊಡ್ಡ ನಿಗೂಢ ಯಾವ ಸಿನಿಮಾದಲ್ಲಿದೆ?

ಅಲ್ಲಿಗೂ ಪುರಾತತ್ವಜ್ಞರು ಮತ್ತೆ ಮತ್ತೆ ಹೋದರು. ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ 1940ರ ದಶಕದ ಮೊದಲ ವರ್ಷಗಳಲ್ಲಿ ಅಗೆದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದ. ಮೀಸೆ, ಹ್ಯಾಟು, ಮಿಲಿಟರಿ ಗತ್ತು, ಸಿನಿಮಾಗೆ ಬೇಕಾದ್ದೆಲ್ಲ ಇದ್ದ ಆಸಾಮಿ. ಮಣ್ಣಿನ ಪದರ ಪದರ ಓದಿ, ಕೆಳಗೆ ಕಲ್ಲುಕೊಡಲಿಯ ಜನ, ಮೇಲೆ ಕಬ್ಬಿಣದ, ಕಲ್ಲುಗೋರಿಗಳ ಜನ, ಅದರ ಮೇಲೆ ಸಾತವಾಹನರ ಕಾಲ ಅಂತ ಕ್ರಮವಾಗಿ ತೋರಿಸಿದ. ಆ ಕ್ರಮ ಇವತ್ತಿಗೂ ನಿಂತಿದೆ. ಅವನು ಕೊಟ್ಟ ಇಸವಿ ನಿಲ್ಲಲಿಲ್ಲ. ಕಬ್ಬಿಣ ಇಲ್ಲಿಗೆ ಬಂದಿದ್ದು ಕ್ರಿ.ಪೂ. 200ರ ಹೊತ್ತಿಗೆ ಅಂದುಬಿಟ್ಟ. ಅಂದ್ರೆ ಅಶೋಕನ ಅಧಿಕಾರಿಗಳು ಶಾಸನ ಹಿಡಿದು ಬಂದಾಗ ಇಲ್ಲಿನ ಜನ ಇನ್ನೂ ಕಲ್ಲುಕೊಡಲಿ ಹಿಡ್ಕೊಂಡು ಓಡಾಡ್ತಿದ್ರು ಅಂತ!

ಇದನ್ನ ಕೆಡವಿದ್ದು ಯಾರು ಗೊತ್ತಾ? ಯಾವ ಹೀರೋನೂ ಅಲ್ಲ, ಒಂದು ಹಿಡಿ ಇದ್ದಿಲು. ಹರಿಹರದಿಂದ ಹೊಳೆಯ ಮೇಲಕ್ಕೆ ಹೋದರೆ ಎಡದಂಡೆಯಲ್ಲಿ, ಈಗಿನ ಹಾವೇರಿ ಜಿಲ್ಲೆಯಲ್ಲಿ, ಹಳ್ಳೂರು ಸಿಗುತ್ತೆ. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಲ್ಲಿ ಅಗೆದರು. ಅಲ್ಲಿನ ಇದ್ದಿಲನ್ನ ರೇಡಿಯೋ ಕಾರ್ಬನ್ ಪರೀಕ್ಷೆಗೆ ಹಾಕಿದಾಗ ಕಬ್ಬಿಣದ ಕಾಲ ಕ್ರಿ.ಪೂ. 1000ದ ಸುಮಾರಿಗೆ ಹೋಗಿ ನಿಂತಿತು. ವೀಲರ್ ಸಾಹೇಬರ ಲೆಕ್ಕ ಎಂಟುನೂರು ವರ್ಷ ತಪ್ಪು. (ಅದೇ ಹಳ್ಳೂರಿನಲ್ಲಿ ಕೆ.ಆರ್. ಆಲೂರ ಗುರುತಿಸಿದ ಕುದುರೆ ಮೂಳೆಯ ಮೇಲೆ ನಡೆದ ಜಗಳದ ಕಥೆ ಬೇರೆ ಇದೆ, ಅದಕ್ಕೆ ಕೈ ಹಾಕಿದ್ರೆ ಈ ಅಂಕಣ ಮುಗಿಯಲ್ಲ.) ಆಮೇಲೆ ಬಂದವರು ಹಳ್ಳೂರಿನ ಮಣ್ಣನ್ನ ನೀರಲ್ಲಿ ಕದಡಿ, ತೇಲಿಬಂದ ಸುಟ್ಟ ಕಾಳುಗಳನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹುರುಳಿ ಸಿಕ್ಕಿತು. ಕಬ್ಬಿಣ ಯುಗದ ಪದರದಲ್ಲಿ ಹತ್ತಿಯ ಕುರುಹು ಸಿಕ್ಕಿತು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸ್ಕೊಂಡು, ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನ ನೋಡಿದ ಊರಿನವರು ನಾವು. ನಮ್ಮದೇ ಹೊಳೆ ದಂಡೆಯಲ್ಲಿ ಸುಮಾರು ಮೂರು ಸಾವಿರ ವರ್ಷದ ಹಿಂದೆ ಹತ್ತಿ ಇತ್ತು ಅನ್ನೋ ಸುದ್ದಿಗೆ ನಮ್ಮ ಮೈ ಜುಂ ಅನ್ನಲಿಲ್ಲ ಅಂದ್ರೆ, ಕೆಟ್ಟಿರೋದು ಕಣ್ಣೊಂದೇ ಅಲ್ಲ.

"ಸಿನಿಮಾನ ಸಿನಿಮಾ ಥರ ನೋಡ್ರಿ, ಯಾಕಿಷ್ಟು ತಲೆ ಕೆಡಿಸ್ಕೊಂತೀರಿ" ಅಂತ ಒಬ್ಬ ಗೆಳೆಯ ಅಂದ. ಅವನಿಗೆ ಉತ್ತರ ಇಲ್ಲಿದೆ. ಅಮಾವಾಸ್ಯೆ ರಾತ್ರಿ ಹಾಳುಗುಡಿಗೆ ನುಗ್ಗಿ ಲಿಂಗ ಕಿತ್ತು ಕೆಳಗೆ ಅಗೆಯೋರು, ನಂದಿಯ ಹೊಟ್ಟೇಲಿ ವಜ್ರ ಇದೆ ಅಂತ ಸುತ್ತಿಗೆ ಹಾಕೋರು, ನಾಗರಕಲ್ಲು ಮಗುಚಿ ಹಾಕೋರು ನಂಬಿರೋದೂ ಇದೇ ಕಥೆಯನ್ನ. ನಕ್ಷೆ ಇದೆ, ಸಂಕೇತ ಇದೆ, ಕಾವಲಿಗೆ ಹಾವಿದೆ, ಆಯ್ದ ಮನುಷ್ಯನಿಗೆ ಮಾತ್ರ ಸಿಗುತ್ತೆ. ಪುರಾತತ್ವಜ್ಞನ ಬದಲು ಮಂತ್ರವಾದಿ, ಅಷ್ಟೇ ವ್ಯತ್ಯಾಸ. ಪತ್ರಿಕೆಗಳ ಜಿಲ್ಲಾ ಪುಟದಲ್ಲಿ 'ನಿಧಿಗಳ್ಳರ ಬಂಧನ' ಅಂತ ಬರೋ ಸುದ್ದಿಯನ್ನ ನಾವು ಹಳ್ಳಿ ಜನರ ಮೂಢನಂಬಿಕೆ ಅಂತ ನಕ್ಕು ತಿರುವಿಹಾಕ್ತೀವಿ. ಆಮೇಲೆ ಅದೇ ಕಥೆಯ ಇಂಗ್ಲಿಷ್ ಆವೃತ್ತಿಗೆ ತಿಂಗಳಿಗೆ ಇಷ್ಟು ಅಂತ ದುಡ್ಡು ಕಟ್ಟಿ ನೋಡ್ತೀವಿ. ನಿಧಿ ಹುಡುಕೋನು ಒಂದು ರಾತ್ರೀಲಿ ಹಾಳು ಮಾಡೋ ಮಣ್ಣಿನ ಪದರವನ್ನ ಯಾವ ವೀಲರ್ ಬಂದ್ರೂ ಮತ್ತೆ ಜೋಡಿಸೋಕಾಗಲ್ಲ. ಕಲ್ಲು ಒಡೆದ್ರೆ ಅಂಟಿಸಬಹುದು, ಪದರ ಕಲೆತ್ರೆ ಇಸವಿಯೇ ಹೋಯ್ತು.

ರೋಚಕ ಕಥೆಯೇ ಬೇಡ ಅಂತ ನಾನೇನೂ ಮಡಿವಂತನಲ್ಲ. ಕೆ.ಎನ್. ಗಣೇಶಯ್ಯನವರ ಕಾದಂಬರಿಗಳನ್ನ ನಮ್ಮ ತಲೆಮಾರು ರಾತ್ರಿಯಿಡೀ ಓದಿದೆ, 'ಕರಿಸಿರಿಯಾನ' ಓದಿ ಹಂಪಿ ಬಸ್ಸು ಹತ್ತಿದವರು ಇದ್ದಾರೆ. ಅವರು ಕೃಷಿ ವಿಜ್ಞಾನಿ, ಕಥೆಯ ಜೊತೆ ಆಕರಗಳನ್ನೂ ಕೊಡ್ತಾರೆ, ಎಲ್ಲಿ ಇತಿಹಾಸ ಮುಗಿದು ಎಲ್ಲಿ ಕಲ್ಪನೆ ಶುರುವಾಯ್ತು ಅಂತ ಓದುಗ ಹೋಗಿ ಹುಡುಕಬಹುದು. ಮರಳಲ್ಲಿ ಮುಳುಗಿದ ತಲಕಾಡಿನ ಶಾಪದ ಬಗ್ಗೆಯೂ ಅವರು ವಿಜ್ಞಾನದ ಪತ್ರಿಕೆಯಲ್ಲಿ ಬರೆದಿದ್ದಾರೆ. ಅಲಮೇಲಮ್ಮನ ಶಾಪದ ಜೊತೆ, ಅದಕ್ಕಿಂತ ಹಿಂದೆ ಕಾವೇರಿಗೆ ಕಟ್ಟಿದ ಮಾಧವಮಂತ್ರಿ ಅಣೆಯನ್ನೂ ಲೆಕ್ಕಕ್ಕೆ ತಗೋಬೇಕು ಅನ್ನೋದು ಅಲ್ಲಿಯ ವಾದ. ಶಾಪಕ್ಕಿಂತ ಅಣೆಕಟ್ಟು ನನಗೆ ಹೆಚ್ಚು ಭಯ ಹುಟ್ಟಿಸುತ್ತೆ. ಮನುಷ್ಯ ಕಟ್ಟಿದ್ದು, ಆಮೇಲೆ ಊರು ಮುಚ್ಚಿದ್ದು.

ಹಂಗಾದ್ರೆ ಏನು ಮಾಡ್ಬೇಕು ಅಂತೀರಾ? ದೊಡ್ಡದೇನಲ್ಲ. ಬೇತೂರು, ಆನೆಕೊಂಡದಂಥ ಶಾಸನದಲ್ಲಿ ಹೆಸರಿರೋ ಊರುಗಳ ಸುತ್ತ ಬಡಾವಣೆಗೆ ಒಪ್ಪಿಗೆ ಕೊಡೋ ಮೊದಲು, ಆ ಜಾಗವನ್ನ ಬಲ್ಲವರಿಂದ ಒಂದು ಸಲ ನಡೆದು ನೋಡಿಸ್ಬೇಕು, ನೋಡಿದ್ದನ್ನ ನಕ್ಷೆ ಸಮೇತ ಜನರಿಗೆ ಕಾಣೋ ಹಾಗೆ ಇಡ್ಬೇಕು. ನೂರು ಸೈಟಿನ ಬಡಾವಣೆಯಲ್ಲಿ ಪಾರ್ಕಿಗೆ ಜಾಗ ಬಿಡ್ತಾರಲ್ಲ, ಹಳೇ ಗೋಡೆ ಏನಾದ್ರೂ ಸಿಕ್ಕರೆ ಆ ಪಾರ್ಕು ಅಲ್ಲಿಗೇ ಬರಲಿ. ಬಿಲ್ಡರಿಗೆ ಒಂದು ಚದರ ಅಡಿಯೂ ನಷ್ಟ ಇಲ್ಲ. ಈ ಬೇಡಿಕೆಯನ್ನ ಊರಿನ ಮುದುಕರು ಇಟ್ಟರೆ ಯಾರೂ ಕೇಳಲ್ಲ. ಸೈಟು ಕೊಳ್ಳೋರು ನಾವು, ಬೆಂಗಳೂರಿನಲ್ಲಿ ದುಡಿದು ದಾವಣಗೆರೆಯಲ್ಲಿ ಇನ್ವೆಸ್ಟ್ ಮಾಡೋರು ನಾವು. ಖಾತೆ, ಇಸಿ, ಲಿಂಕ್ ಡಾಕ್ಯುಮೆಂಟ್ ಎಲ್ಲ ಕೇಳ್ತೀವಲ್ಲ, ಜೊತೆಗೆ "ಇಲ್ಲಿ ಹಳೇದು ಏನಾದ್ರೂ ಸಿಕ್ಕಿತ್ತಾ?" ಅಂತ ಇನ್ನೊಂದು ಪ್ರಶ್ನೆ ಕೇಳಿ. ಹತ್ತು ಜನ ಕೇಳಿದ್ರೆ ಹನ್ನೊಂದನೆಯವನಿಗೆ ಅವರೇ ತಯಾರಾಗಿ ಉತ್ತರ ಇಟ್ಕೊಂಡಿರ್ತಾರೆ.

ಮುಂದಿನ ಸಲ ಊರಿಗೆ ಬಂದಾಗ, ಮೇ ಕೊನೆಗೆ ಮೊದಲ ಮಳೆ ಬಿದ್ದು ನೆಲ ಉತ್ತಿರ್ತಾರೆ, ಆಗ ಬೇತೂರಿನ ಕಡೆ ಹೋಗಿ. ನೇಗಿಲು ಎತ್ತಿದ ಮಣ್ಣಲ್ಲಿ ಕೆಂಪು, ಕಪ್ಪು ಬೋಕಿಚೂರು ಕಂಡ್ರೆ ಜೇಬಿಗೆ ಹಾಕ್ಕೋಬೇಡಿ, ಇದ್ದಲ್ಲೇ ಫೋಟೋ ತೆಗೆದು ಲೊಕೇಶನ್ ಗುರುತು ಮಾಡಿ, ಇಲಾಖೆಯವರಿಗೋ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೋ ಕಳಿಸಿ. ಹೊಲದವರನ್ನ ಕೇಳಿಕೊಂಡೇ ಒಳಗೆ ಹೋಗಿ. ತಡ ಮಾಡಬೇಡಿ, ಮೆಕ್ಕೆಜೋಳ ಬಿತ್ತಿದ ಮೇಲೆ ಯಾರೂ ಕಾಲಿಡೋಕೆ ಬಿಡಲ್ಲ.