ಪಾಂಡುವೋ, ಧೂಸರವೋ?

ಗೋಡೆಯ ಬಣ್ಣವೂ ಸಾಹಿತ್ಯದ ಪುಟದಲ್ಲಿ ಚರ್ಚಿಸತಕ್ಕ ವಿಷಯವೇ ಎಂದು ವಾಚಕರು ಹುಬ್ಬೇರಿಸಬಹುದು. ಗುರುಮಠಕಲ್ಲಿನ ನಮ್ಮ ಮನೆಯ ನಡುಕೋಣೆಗೆ ಬಣ್ಣ ಬಳಿಸಬೇಕಾಗಿ ಬಂದು, ಹದಿನೈದು ದಿನ ಇದರಲ್ಲೇ ಮುಳುಗಿ ಎದ್ದವನಾದ್ದರಿಂದ ಎರಡು ಮಾತು ಹೇಳುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ಅಂಗಡಿಯವನು ಕೊಟ್ಟ ಪಟ್ಟಿಯಲ್ಲಿ ಕೊನೆಗೆ ಉಳಿದವು ಎರಡು: ಕೆನೆಯಂಥ ನಸುಬಿಳಿ, ಮತ್ತು ತಿಳಿಬೂದಿ. ಎರಡಕ್ಕೂ ಇಂಗ್ಲಿಷಿನ ಉದ್ದುದ್ದ ಹೆಸರುಗಳು. ನಮ್ಮವರಿಗೆ ಈ ಸೂಕ್ಷ್ಮ ತಿಳಿಯದೆ ಇರಲಿಲ್ಲ. ಅಮರಸಿಂಹನು ತನ್ನ ಕೋಶದಲ್ಲಿ ಬಿಳುಪಿಗೆ ಶ್ವೇತ, ಸಿತ, ಧವಳ ಮೊದಲಾಗಿ ಹತ್ತಕ್ಕೂ ಮಿಕ್ಕಿ ಹೆಸರು ಹೇಳಿ, ಪಾಂಡುವನ್ನು ಬೇರೆಯಾಗಿಯೇ ಇಟ್ಟು, ಕೊಂಚವೇ ಪಾಂಡುವಾದದ್ದನ್ನು ಧೂಸರವೆಂದಿದ್ದಾನೆ. ನನ್ನ ಎರಡು ಬಣ್ಣಗಳೂ ಅಲ್ಲಿ ಪಕ್ಕಪಕ್ಕದಲ್ಲಿ ಕುಳಿತಿವೆ. ನೆರೆಯವರಾದ್ದರಿಂದಲೇ ಜಗಳವೋ ಏನೋ!

ಮಗನದು ಧೂಸರಪಕ್ಷ. ನೆಲದ ಶಹಾಬಾದ ಕಲ್ಲಿಗೆ ಅದೇ ಹೊಂದುತ್ತದೆ ಎಂಬುದು ಅವನ ವಾದ, ಅಂಗಡಿಯವನದೂ ಅದೇ. ನಾನೂ ತಲೆದೂಗಿದ್ದೆ.

ಹಿಂದೆ ಈ ತೊಡಕೇ ಇರಲಿಲ್ಲ. ಹಬ್ಬದ ಮುನ್ನ ಸುಣ್ಣ ನೆನೆಸಿ, ಹಳದಿ ಛಾಯೆ ಅಡಗಲೆಂದು ಚಿಟಿಕೆ ನೀಲಿ ಬೆರೆಸಿ ಬಳಿದರೆ ತೀರಿತು. ಬಳಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ ಗೋಡೆಯ ಮೇಲೆ ಮರಳಿ ಸುಣ್ಣಕಲ್ಲಾಗುತ್ತದೆ. ಶಹಾಬಾದ ಕಲ್ಲೂ ಸುಣ್ಣಕಲ್ಲೇ. ನೆಲ, ಗೋಡೆ ಎರಡೂ ಒಂದೇ ಕುಲದವಾದರೂ ಒಂದು ಬೂದು, ಒಂದು ಬಿಳಿ. ಈ ಭೇದದ ಬೆಲೆ ನನಗೆ ತಿಳಿದದ್ದು ತಾಯಿಯಿಂದ.

ಎರಡು ಬಣ್ಣಗಳನ್ನೂ ನೆಲದಿಂದ ಎದೆಯೆತ್ತರಕ್ಕೆ ಒಂದೊಂದು ಮಾರು ಬಳಿಸಿ ನೋಡಿದೆ. ಬೆಳಗಿನಲ್ಲಿ ಬೂದಿಯೇ ಚೆಂದ. ಮಧ್ಯಾಹ್ನ ಅಂಗಳದ ಕೆಮ್ಮಣ್ಣಿಗೆ ಬಡಿದು ಒಳಬಂದ ಬೆಳಕಿನಲ್ಲಿ ಕೆನೆ ಅರಿಸಿನಕ್ಕೆ ತಿರುಗಿತು. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಬೂದಿ ನೀಲಿಗಟ್ಟಿ ಆಸ್ಪತ್ರೆಯ ನೆನಪು ತಂದಿತು. ಇಷ್ಟರಿಂದ ಏನೂ ತೀರ್ಮಾನವಾಗಲಿಲ್ಲ.

ಎಪ್ಪತ್ತು ದಾಟಿದ ತಾಯಿಯ ಕಣ್ಣಿಗೆ ಪೊರೆ ಬಂದಿದೆ. ಶಸ್ತ್ರಚಿಕಿತ್ಸೆಗೆ ಇನ್ನೂ ಒಪ್ಪಿಲ್ಲ. ಸಂಜೆ ಕೆನೆಯ ಬದಿಯಲ್ಲಿ ಸರಾಗವಾಗಿ ನಡೆದು ಬಂದವಳು ಬೂದಿಯ ಮುಂದೆ ಕೈಚಾಚಿ ನಿಂತುಬಿಟ್ಟಳು. "ನೆಲ ಎಲ್ಲಿ ಮುಗೀತು, ಗೋಡಿ ಎಲ್ಲಿ ಸುರು ಆತು, ತಿಳೀವಲ್ದಲ್ಲೋ" ಎಂದಳು. ಪೊರೆಯ ಕಣ್ಣಿಗೆ ಮಂಕಾಗುವುದು ಬಣ್ಣಗಳಷ್ಟೇ ಅಲ್ಲ, ಅವುಗಳ ನಡುವಣ ಅಂತರವೂ. ನಾವು ಹೊಂದಿಕೆಯೆಂದು ಮೆಚ್ಚಿದ್ದು ಅವಳಿಗೆ ಕುರುಡುಹಾದಿಯಾಗಿತ್ತು. ಮುಪ್ಪಿನವರಿರುವ ಮನೆಯಲ್ಲಿ ನೆಲಕ್ಕೂ ಗೋಡೆಗೂ ಹೊಂದದಿರುವುದೇ ಲೇಸೆಂದು ಅಂದಿನಿಂದ ನನ್ನ ಮತ.

ಬೂದಿಯ ಡಬ್ಬಿ ಮಗನ ಕೋಣೆಗೆ ಹೋಯಿತು. ತಾಯಿ ಮಾತ್ರ ಕೆನೆಯ ಗೋಡೆಯನ್ನು ಅಂಗೈಯಿಂದ ಸವರಿ, ಸೆರಗಿಗೆ ಒರೆಸಿಕೊಂಡು, ಸುಣ್ಣ ಹತ್ತದಿರುವುದನ್ನು ಕಂಡು, ಬಳಿಯುವುದು ಯಾವಾಗ ಎಂದು ಕೇಳಿದಳು.